ಮಗಳಿಗೊಂದು ಅಭಿನಯ ಶಾಲೆ: ನಾಲ್ಕು ಕಡೆ ನೋಡಿ, ಒಂದು ಕಡೆ ಸೇರಿಸಿದ ಅನುಭವ

ಕಳೆದ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವದ ಕಿರುನಾಟಕದಲ್ಲಿ ಕಿರಾಣಿ ಅಂಗಡಿಯವಳ ಪಾತ್ರ ಮಾಡಿದ ನನ್ನ ಮಗಳು, ಮನೆಗೆ ಬಂದು ಮುಖದ ಬಣ್ಣವನ್ನೂ ತೊಳೆಯದೆ, "ಅಮ್ಮಾ, ನನ್ನನ್ನು ನಾಟಕದ ಶಾಲೆಗೆ ಸೇರಿಸು" ಎಂದಳು. ವಾರದಲ್ಲಿ ಮರೆತುಬಿಡುತ್ತಾಳೆ ಎಂದುಕೊಂಡಿದ್ದೆ. ಸಂಕ್ರಾಂತಿ ಕಳೆದರೂ ಮರೆಯಲಿಲ್ಲ. ಆಗ ಅವಳಿಗೆ ಎಂಟೂವರೆ ವರ್ಷ. ಜನವರಿಯ ಕೊನೆಯಿಂದ ಮೇ ತಿಂಗಳವರೆಗೆ ನಾಲ್ಕು ಕಡೆ ಹೋಗಿ, ಸಾಧ್ಯವಾದಲ್ಲೆಲ್ಲ ತರಗತಿಯಲ್ಲಿ ಕುಳಿತು ನೋಡಿ, ಜೂನ್ ತಿಂಗಳಲ್ಲಿ ಒಂದು ಕಡೆ ಸೇರಿಸಿದೆವು. ಮೊದಲ ಇಪ್ಪತ್ತು ವಾರಗಳ ಅವಧಿ ಈಗಷ್ಟೇ ಮುಗಿದಿದೆ. ಹುಡುಕುವಾಗ ನನಗೆ ಸಿಕ್ಕ ಮಾಹಿತಿಯಲ್ಲಿ ಹೆಚ್ಚಿನದು ಆಯಾ ಸಂಸ್ಥೆಗಳ ಜಾಹೀರಾತೇ ಆಗಿತ್ತು. ಕಣ್ಣಾರೆ ನೋಡಿ ಬರೆದ ತಂದೆತಾಯಿಯರ ಮಾತು ಎಲ್ಲೂ ಸಿಗಲಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಇದನ್ನು ಬರೆಯುತ್ತಿದ್ದೇನೆ.

ನಾನು ನಟಿಯಲ್ಲ, ರಂಗಭೂಮಿಯವಳೂ ಅಲ್ಲ. ಆದರೆ ನನ್ನ ತವರು ಸಾಗರದ ಹತ್ತಿರ. ಹೆಗ್ಗೋಡಿನ ನೀನಾಸಂ ನಾಟಕಗಳನ್ನು ಅಪ್ಪನ ಪಕ್ಕದಲ್ಲಿ ಕುಳಿತು ನೋಡಿಕೊಂಡು ಬೆಳೆದವಳು. 1949ರಲ್ಲಿ ಒಂದು ಹಳ್ಳಿಯಲ್ಲಿ ಹುಟ್ಟಿದ ಆ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದ ಮೇಲೆ, ನಟನೆಯನ್ನು ಕಲಿಸಬಹುದು, ಕಲಿಯಬಹುದು, ಅದಕ್ಕೆ ದಿನಚರಿ ಮತ್ತು ಶ್ರಮ ಬೇಕು ಎಂಬುದು ನಮ್ಮ ಕಡೆಯ ಸಾಮಾನ್ಯ ಜನರಿಗೂ ತಿಳಿದ ವಿಷಯವಾಯಿತು. ಅಲ್ಲಿನ ತರಬೇತಿ ದೊಡ್ಡವರಿಗೆ ಮೀಸಲಾದದ್ದು. ಮಗಳ ವಯಸ್ಸಿಗೆ ಅದು ಹೊಂದುವುದಿಲ್ಲ. ಆದರೂ ಆ ದಿನಗಳಲ್ಲಿ ಅಪ್ಪ ಹೇಳಿಕೊಟ್ಟ ಒಂದು ಮಾತು ಈ ಹುಡುಕಾಟದಲ್ಲಿ ನನಗೆ ಬೇರೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. "ಮಾತಾಡುವವರನ್ನು ಎಲ್ಲರೂ ನೋಡ್ತಾರೆ. ನೀನು ಮಾತಿಲ್ಲದೆ ನಿಂತವರನ್ನು ನೋಡು, ಕಲಿಸಿದವರ ಯೋಗ್ಯತೆ ಅಲ್ಲಿ ಗೊತ್ತಾಗ್ತದೆ" ಎನ್ನುತ್ತಿದ್ದರು ಅವರು. ನಾಲ್ಕೂ ಕಡೆ ನಾನು ನೋಡಿದ್ದು ಅದನ್ನೇ: ಆ ಹೊತ್ತಿನಲ್ಲಿ ಮಾತಿಲ್ಲದ ಮಗು ಏನು ಮಾಡುತ್ತಿದೆ?

ಮೊದಲು ಹೋದದ್ದು ಕ್ಯಾಮೆರಾ ಅಭಿನಯವನ್ನು ಕಲಿಸುವ ಒಂದು ಸಂಸ್ಥೆಗೆ. ಹೆಸರು ಬರೆಯುವುದಿಲ್ಲ, ಈ ಬಗೆಯ ಸಂಸ್ಥೆಗಳು ನಗರದಲ್ಲಿ ಅನೇಕ ಇವೆ, ಒಂದರ ಹೆಸರು ಹೇಳಿದರೆ ಉಳಿದವುಗಳಿಗೆ ಪ್ರಮಾಣಪತ್ರ ಕೊಟ್ಟಂತಾದೀತು. ಮುಖ್ಯರಸ್ತೆಯ ಮೇಲಿನ ಕಟ್ಟಡದ ಮೂರನೆಯ ಮಹಡಿ, ಹವಾನಿಯಂತ್ರಿತ ಕೋಣೆ, ಗೋಡೆಯ ತುಂಬ ಹೆಸರಾಂತ ನಟನಟಿಯರೊಂದಿಗೆ ಮಕ್ಕಳು ನಿಂತ ಚಿತ್ರಗಳು. ಮೂರು ತಿಂಗಳ ಕೋರ್ಸಿಗೆ 45,000 ರೂಪಾಯಿ. ಮಗುವಿನ ಫೋಟೊ ಪೋರ್ಟ್‌ಫೋಲಿಯೊಗೆ ಪ್ರತ್ಯೇಕವಾಗಿ 15,000. ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ ಎಂಬ ಸಾಲು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಸ್ವಾಗತದ ಮೇಜಿನಲ್ಲಿದ್ದವರು ಪಠ್ಯಕ್ರಮದ ಬಗ್ಗೆ ಎರಡು ವಾಕ್ಯ ಹೇಳಿ, ಧಾರಾವಾಹಿಗಳಲ್ಲಿ ಅವಕಾಶ ಸಿಗುವ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದರು. ಗೋಡೆಯ ಮೇಲಿನ ಮಕ್ಕಳಲ್ಲಿ ಯಾರು ಯಾವ ಧಾರಾವಾಹಿಯಲ್ಲಿ ಎಷ್ಟು ಕಾಲ ಅಭಿನಯಿಸಿದರು ಎಂದು ನಾನು ಕೇಳಿದಾಗ, ಬಹಳಷ್ಟು ಚಿತ್ರಗಳು ಸಂಸ್ಥೆಯ ವಾರ್ಷಿಕ ಸಮಾರಂಭಕ್ಕೆ ಅತಿಥಿಗಳಾಗಿ ಬಂದ ನಟರೊಂದಿಗೆ ತೆಗೆಸಿಕೊಂಡವು ಎಂಬುದು ತಿಳಿಯಿತು.

ಅಂದಿನ ಪ್ರಾಯೋಗಿಕ ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದರು. ಒಂದು ಮಗು ಕ್ಯಾಮೆರಾದ ಎದುರು ನಿಂತಾಗ ಉಳಿದ ಹನ್ನೊಂದು ಮಕ್ಕಳು ಗೋಡೆಯ ಬದಿಯ ಕುರ್ಚಿಗಳಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದವು. ಕೆಲವರ ಕೈಯಲ್ಲಿ ಅಪ್ಪ ಅಮ್ಮಂದಿರ ಫೋನ್ ಇತ್ತು, ಒಬ್ಬ ಹುಡುಗ ನಿದ್ದೆ ಹೋಗಿದ್ದ. ಒಂದೂವರೆ ಗಂಟೆಯ ತರಗತಿಯಲ್ಲಿ ಒಂದು ಮಗುವಿಗೆ ಸಿಕ್ಕ ಕಲಿಕೆಯ ಕಾಲ ಏಳೆಂಟು ನಿಮಿಷ. ಮಾತು ಕನ್ನಡದ್ದು, ಆದರೆ ಮಕ್ಕಳ ಕೈಗೆ ಕೊಟ್ಟ ಹಾಳೆಯಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಾಗಿತ್ತು. 'ಹಳ್ಳಿ' ಹಲ್ಲಿಯಾಗಿ, 'ಬಾಳೆ' ಬಾಲೆಯಾಗಿ ಕೇಳಿಸಿದರೂ ತಿದ್ದುವವರಿರಲಿಲ್ಲ.

ಇಷ್ಟೇ ಆಗಿದ್ದರೆ ದುಬಾರಿ ಎಂದು ಬಿಟ್ಟುಬಿಡುತ್ತಿದ್ದೆ. ಮಗಳ ಸರದಿ ಬಂದಾಗ ತರಬೇತುದಾರರು ಅವಳಿಗೆ ಅಳುವ ದೃಶ್ಯವನ್ನು ಕೊಟ್ಟರು. ಅವಳು ಕಣ್ಣುಜ್ಜಿಕೊಂಡು, ಮಕ್ಕಳು ಆಟದಲ್ಲಿ ಅಳುವ ಹಾಗೆ ಅತ್ತಳು. ಅವರು ಕ್ಯಾಮೆರಾ ನಿಲ್ಲಿಸಿ, ಅವಳ ಹತ್ತಿರ ಬಗ್ಗಿ, "ಪುಟ್ಟಾ, ನಿನಗೆ ತುಂಬಾ ಇಷ್ಟವಾದವರು ಯಾರು?" ಎಂದು ಕೇಳಿದರು. "ಅಜ್ಜಿ" ಎಂದಳು. "ಆ ಅಜ್ಜಿ ಸತ್ತುಹೋದರು ಅಂತ ಅಂದುಕೋ. ಕಣ್ಣು ಮುಚ್ಚಿ ನೋಡು, ಅಜ್ಜಿ ಮಲಗಿದ್ದಾರೆ, ಏಳುತ್ತಿಲ್ಲ" ಎಂದರು. ನನ್ನ ಅಮ್ಮ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಅವರು ಕೇಳಲೂ ಇಲ್ಲ. ಮಗಳು ಕಣ್ಣು ಮುಚ್ಚಿದಳು, ತುಟಿ ಒಂದಿಷ್ಟು ಅದುರಿತು, ಆಮೇಲೆ ಅವಳು ಅಳಲಿಲ್ಲ. ಮಾತೇ ಆಡದೆ ನಿಂತುಬಿಟ್ಟಳು. ಅವರು ಕ್ಯಾಮೆರಾವನ್ನು ಮತ್ತೆ ಚಾಲೂ ಮಾಡಲು ಕೈಸನ್ನೆ ಮಾಡಿದರು. ನಾನು ಎದ್ದು ಹೋಗಿ ಅವಳನ್ನು ಎತ್ತಿಕೊಂಡು ಹೊರಗೆ ಬಂದೆ. ಎಂಟೂವರೆ ವರ್ಷದ ಮಗುವನ್ನು ಎತ್ತಿಕೊಳ್ಳುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಗಿತ್ತು.

ನಿಜವಾದ ನೋವನ್ನು ನೆನೆದು ಪಾತ್ರಕ್ಕೆ ಭಾವವನ್ನು ತರುವ ಪದ್ಧತಿ ದೊಡ್ಡವರ ನಟನಾ ತರಬೇತಿಯಲ್ಲಿ ಇದೆ. ದೊಡ್ಡವರು ಕೂಡ ಅದನ್ನು ಎಚ್ಚರದಿಂದ, ತಿಳಿದವರ ಮಾರ್ಗದರ್ಶನದಲ್ಲಿ ಮಾಡುತ್ತಾರೆ. ಮಗುವಿಗೆ ಅದರ ಅಗತ್ಯವೇ ಇಲ್ಲ. ಕೋಲನ್ನು ಕುದುರೆ ಮಾಡಿಕೊಂಡು ಓಡುವ, ಖಾಲಿ ಲೋಟದಿಂದ ಗೊಂಬೆಗೆ ಕಾಫಿ ಕುಡಿಸುವ ಮಗುವಿಗೆ, ಇಲ್ಲದ್ದನ್ನು ಇದೆ ಎಂದು ನಂಬುವ ಶಕ್ತಿ ಹುಟ್ಟಿನಿಂದಲೇ ಬಂದಿರುತ್ತದೆ. ಆ ಶಕ್ತಿಯನ್ನು ಬಿಟ್ಟು, ಅದರ ಗಾಯವನ್ನು ಕೆದಕಿ ಕಣ್ಣೀರು ತರಿಸುವುದು ಅಭಿನಯದ ಪಾಠವಾಗಲಾರದು. ನಿಮ್ಮ ಮಗುವನ್ನು ಎಲ್ಲಿಗಾದರೂ ಸೇರಿಸುವ ಮುನ್ನ, "ಅಳುವ ದೃಶ್ಯವನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀರಿ?" ಎಂದು ನೇರವಾಗಿ ಕೇಳಿ. ಉತ್ತರದಲ್ಲಿ ಉಸಿರು, ದನಿ, ಮೈ, ಆಟ ಎಂಬ ಮಾತುಗಳು ಬಂದರೆ ಮುಂದುವರಿಯಿರಿ. ಮನೆಯವರ ಸಾವು, ಬೈಗುಳ, ಹೆದರಿಕೆ ಬಂದರೆ ಅಲ್ಲಿಂದ ಎದ್ದು ಬನ್ನಿ.

ಧಾರಾವಾಹಿಯ ಅವಕಾಶದ ಮಾತನ್ನು ನಂಬಿ ಹಣ ಕಟ್ಟುವ ತಂದೆತಾಯಿಯರಿಗೆ ಕಾನೂನಿನ ವಿಷಯವೂ ಗೊತ್ತಿರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗು ಚಲನಚಿತ್ರ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದನಾಗಿ ಕೆಲಸ ಮಾಡಬಹುದು, ಆದರೆ ಷರತ್ತುಗಳಿಗೆ ಒಳಪಟ್ಟು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಸತತವಾಗಿ 27 ದಿನಗಳಿಗಿಂತ ಹೆಚ್ಚು ಮಾಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆದಿರಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿಯನ್ನು ನೇಮಿಸಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ 20 ಶೇಕಡವನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಯಾವುದರಲ್ಲೂ ತೊಡಗಿಸುವಂತಿಲ್ಲ. ಇಷ್ಟು ಷರತ್ತುಗಳಿರುವ ಕೆಲಸವನ್ನು "ಸೇರಿಸಿ ಮೇಡಂ, ಮೂರು ತಿಂಗಳಲ್ಲಿ ಚಾನ್ಸ್ ಕೊಡಿಸುತ್ತೇವೆ" ಎಂದು ಮಾತು ಕೊಡುವವರಿಗೆ, ಈ ನಿಯಮಗಳಲ್ಲಿ ಒಂದನ್ನಾದರೂ ಹೇಳಿ ಎಂದು ನಾನು ಕೇಳಿದೆ. ಮೇಜಿನಲ್ಲಿದ್ದವರಿಗೆ ಒಂದೂ ಗೊತ್ತಿರಲಿಲ್ಲ.

ಎರಡನೆಯದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಮೂಲತಃ ನೃತ್ಯಶಾಲೆ. ವಾರಕ್ಕೊಮ್ಮೆ ನಾಟಕದ ತರಗತಿ. ಕಲಿಸುವವರು ಒಳ್ಳೆಯವರು, ಸ್ಥಳ ಸ್ವಚ್ಛ, ಶುಲ್ಕ ಕಡಿಮೆ. ಆದರೆ ಅಲ್ಲಿ ನಾಟಕ ಎಂದರೆ ಪ್ರತಿ ಮಾತಿಗೂ ಒಂದು ಕೈಸನ್ನೆ, ಪ್ರತಿ ಮಗುವಿಗೂ ಒಂದೇ ರಾಗ. ಮಾತಿಲ್ಲದ ಮಕ್ಕಳು ಕೈಕಟ್ಟಿ ಸಾಲಾಗಿ ನಿಂತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಅದನ್ನು ಆಗಲೇ ಕಲಿತಿದ್ದಳು.

ಈ ಎರಡರ ನಂತರ ಹುಡುಕುವ ಕ್ರಮವನ್ನೇ ಬದಲಿಸಿದೆ. ಮಗಳಿಗೆ ನಾಟಕ ಮಾಡುವ ಆಸೆ ಇದೆ, ಆದರೆ ಅವಳು ಒಳ್ಳೆಯ ನಾಟಕವನ್ನು ನೋಡಿಯೇ ಇಲ್ಲವಲ್ಲ ಎಂಬುದು ಹೊಳೆದದ್ದು ಆಗ. ಜೆ.ಪಿ. ನಗರದ ರಂಗಶಂಕರ ನಮ್ಮ ಮನೆಗೆ ದೂರವಿಲ್ಲ. 2004ರಲ್ಲಿ, ಶಂಕರ್ ನಾಗ್ ಅವರ ಕನಸಿನ ನೆನಪಿನಲ್ಲಿ, ಅರುಂಧತಿ ನಾಗ್ ಮತ್ತು ಅವರ ಸಂಗಡಿಗರ ವರ್ಷಗಳ ದುಡಿಮೆಯಿಂದ ತೆರೆದ ಈ ರಂಗಮಂದಿರದಲ್ಲಿ ಮಕ್ಕಳಿಗಾಗಿಯೇ ನಾಟಕಗಳು, 'ಆಹಾ' ಎಂಬ ಮಕ್ಕಳ ರಂಗೋತ್ಸವ, ಬೇಸಿಗೆಯ ಕಾರ್ಯಾಗಾರಗಳು ನಡೆಯುತ್ತವೆ. ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬ ಅಲ್ಲಿನ ನಿಯಮ ಬೆಂಗಳೂರಿನವರಿಗೆಲ್ಲ ಗೊತ್ತಿರುವುದೇ. ಮಾರ್ಚ್ ತಿಂಗಳ ಒಂದು ಭಾನುವಾರ ನಾವು ಐದು ನಿಮಿಷ ತಡವಾಗಿ ಹೋಗಿ ಬಾಗಿಲಿನಿಂದ ಹಿಂದಿರುಗಿದೆವು. ಮಗಳು ಸಿಟ್ಟಾಗಬಹುದು ಎಂದುಕೊಂಡೆ. ಅವಳು ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಹೊತ್ತು ಯೋಚಿಸಿ, "ಒಳಗಿರೋರು ಆಗಲೇ ಬೇರೆಯವರಾಗಿಬಿಟ್ಟಿದ್ದಾರೆ ಅಲ್ವಾ, ನಾವು ಬಾಗಿಲು ತೆಗೆದರೆ ಅವರಿಗೆ ಎಚ್ಚರ ಆಗಿಬಿಡುತ್ತೆ" ಎಂದಳು. ಮುಂದಿನ ವಾರದಿಂದ ಅರ್ಧ ಗಂಟೆ ಮೊದಲೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದಳು. ಶಾಲೆಯನ್ನು ಹುಡುಕುವ ಮೊದಲು ಮಗುವಿಗೆ ಐದಾರು ನಾಟಕಗಳನ್ನು ತೋರಿಸಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ನೋಡಿದ ಮೇಲೂ ಆಸೆ ಉಳಿದರೆ, ಅದು ವೇದಿಕೆಯ ಚಪ್ಪಾಳೆಯ ಆಸೆಯಷ್ಟೇ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮೂರನೆಯದು ಬೇಸಿಗೆ ಶಿಬಿರ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ನನ್ನ ತಂಗಿಯ ಮಗ ಭಾಗವಹಿಸಿದ್ದ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶಕತ್ವದಲ್ಲಿ ಆರಂಭವಾದ ರಂಗಾಯಣವು ಬೇಸಿಗೆ ರಜೆಯಲ್ಲಿ ನಡೆಸುವ ಈ ಮೇಳಕ್ಕೆ ಮೈಸೂರಿನಲ್ಲಿ ಇರುವ ಬೇಡಿಕೆ ಎಷ್ಟೆಂದರೆ, ಅರ್ಜಿ ಕೊಡುವ ದಿನವನ್ನು ತಂದೆತಾಯಿಯರು ತಿಂಗಳ ಮುಂಚೆಯೇ ವಿಚಾರಿಸಿಟ್ಟುಕೊಳ್ಳುತ್ತಾರೆ. ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ, ಹಾಡು, ಕುಣಿತ, ಮುಖವಾಡ, ಬಣ್ಣ, ಆಟಗಳ ನಡುವೆಯೇ ಒಂದೊಂದು ತಂಡಕ್ಕೆ ಒಂದೊಂದು ನಾಟಕವನ್ನು ಕಟ್ಟಿಸಿ, ಕೊನೆಗೆ ಪ್ರದರ್ಶನ ಮಾಡಿಸುತ್ತಾರೆ. ಮರಗಳ ನೆರಳಿನಲ್ಲಿ, ಮಣ್ಣಿನ ನೆಲದ ಮೇಲೆ, ಬೇರೆ ಬೇರೆ ಶಾಲೆಗಳ, ಬೇರೆ ಬೇರೆ ಅಂತಸ್ತಿನ ಮಕ್ಕಳು ಒಟ್ಟಿಗೆ ಓಡಾಡುವ ದೃಶ್ಯ ಅದು. ಸರ್ಕಾರದ ಸಂಸ್ಥೆಯಾದ್ದರಿಂದ ಶುಲ್ಕವೂ ಸಾಮಾನ್ಯರ ಕೈಗೆ ಎಟುಕುವಂಥದ್ದು. ಮೈಸೂರಿನಲ್ಲಿ ಮನೆ ಇರುವವರು, ಅಥವಾ ನೆಂಟರ ಮನೆಯಲ್ಲಿ ಮಗುವನ್ನು ತಿಂಗಳು ಬಿಡಬಲ್ಲವರು, ಬೇರೆ ಯೋಚನೆಯನ್ನೇ ಮಾಡಬೇಕಾಗಿಲ್ಲ.

ನನಗೆ ಆ ಅನುಕೂಲವಿರಲಿಲ್ಲ. ಮಗಳನ್ನು ಒಂದು ತಿಂಗಳು ಬಿಟ್ಟಿರುವ ಮನಸ್ಸೂ ಆ ವರ್ಷ ಬರಲಿಲ್ಲ. ಬೆಂಗಳೂರಿನಲ್ಲೇ ಹದಿನೈದು ದಿನಗಳ ಒಂದು ಖಾಸಗಿ ಶಿಬಿರಕ್ಕೆ ಏಪ್ರಿಲ್‌ನಲ್ಲಿ ಕಳುಹಿಸಿದೆ. ಆಟಗಳು ಚೆನ್ನಾಗಿದ್ದವು, ಅವಳು ಸಂತೋಷವಾಗಿದ್ದಳು. ಆದರೆ ಎಂಟನೆಯ ದಿನದಿಂದ ಎಲ್ಲವೂ ಕೊನೆಯ ದಿನದ ಪ್ರದರ್ಶನದ ಕಡೆಗೆ ತಿರುಗಿತು. ಚುರುಕಾದ ನಾಲ್ಕು ಮಕ್ಕಳಿಗೆ ಮಾತು, ಉಳಿದ ಇಪ್ಪತ್ತು ಮಕ್ಕಳಿಗೆ ಮರ, ಮೋಡ, ಹೂವು. ಮರವಾಗಿ ನಿಂತ ಮಕ್ಕಳಿಗೆ ತಾವು ಯಾವ ಮರ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ರಟ್ಟಿನ ಎಲೆಗಳನ್ನು ಹಿಡಿದು ಮುಂದಿನ ಸಾಲಿನಲ್ಲಿ ಅಮ್ಮನನ್ನು ಹುಡುಕುತ್ತಿದ್ದವು. ಹದಿನೈದು ದಿನಗಳಲ್ಲಿ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲವೇನೋ. ಹಾಗಾದರೆ ಪ್ರದರ್ಶನವನ್ನೇ ಕೈಬಿಟ್ಟು, ಎಲ್ಲ ದಿನಗಳನ್ನೂ ಆಟಕ್ಕೆ ಕೊಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ನಾಟಕವನ್ನು ಗಂಭೀರವಾಗಿ ತೆಗೆದುಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬಾಲಕನಾಗಿದ್ದಾಗಲೇ ಗುಬ್ಬಿ ಕಂಪನಿಯನ್ನು ಸೇರಿ ಅಲ್ಲಿ ರಂಗದ ಅಕ್ಷರಾಭ್ಯಾಸ ಮಾಡಿದ ಬಿ.ವಿ. ಕಾರಂತರು ಮುಂದೆ ಮಕ್ಕಳಿಗಾಗಿ ನಾಟಕಗಳನ್ನು ಮಾಡಿಸಿದರು. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರದ ಮೂಲಕ 1979ರಿಂದ ಬೆಂಗಳೂರಿನ ಮಕ್ಕಳನ್ನು ವರ್ಷಗಟ್ಟಲೆ ಪಳಗಿಸಿದರು. ಕರಾವಳಿಯವರಿಗಂತೂ ಮನೆಯ ಬಾಗಿಲಲ್ಲೇ ಒಂದು ಪೂರ್ಣ ಅಭಿನಯ ಶಾಲೆ ಇದೆ. ಯಕ್ಷಗಾನದ ತರಗತಿಗೆ ಹೋಗುವ ಮಗು ತಾಳ, ಹೆಜ್ಜೆ, ಅರ್ಥಗಾರಿಕೆ, ವೇಷಭೂಷಣ ಎಲ್ಲವನ್ನೂ ಒಟ್ಟಿಗೆ ಕಲಿಯುತ್ತದೆ. ಸಾಲಿಗ್ರಾಮದ ಮಕ್ಕಳ ಮೇಳದಂಥ ತಂಡಗಳು ಮಕ್ಕಳಿಂದಲೇ ಪ್ರಸಂಗಗಳನ್ನು ಆಡಿಸಿ ತೋರಿಸಿವೆ. ಉಡುಪಿ, ಕುಂದಾಪುರ ಕಡೆಯ ಸ್ನೇಹಿತರು ಬೆಂಗಳೂರಿನ ಕ್ಯಾಮೆರಾ ಕೋರ್ಸುಗಳ ಬಗ್ಗೆ ನನ್ನನ್ನು ಕೇಳಿದಾಗ, ಊರಿನ ಯಕ್ಷಗಾನ ಗುರುಗಳ ಬಳಿಗೆ ಮಗುವನ್ನು ಕಳುಹಿಸಿ ಎಂದಷ್ಟೇ ಹೇಳಿದೆ.

ಕೊನೆಗೆ ಸೇರಿಸಿದ ಕಡೆಯ ಬಗ್ಗೆ. ಇದೂ ಹೆಸರಿಲ್ಲದೆಯೇ ಬರೆಯಬೇಕಾಗಿದೆ. ಒಂದು ಅವಧಿಗೆ ಇಪ್ಪತ್ತೆರಡು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಈಗಾಗಲೇ ಕಾಯುವವರ ಪಟ್ಟಿ ಇದೆ, ದಯವಿಟ್ಟು ಹೆಸರು ಹಾಕಬೇಡಿ ಎಂದು ನಡೆಸುವವರೇ ಕೇಳಿಕೊಂಡರು. ಹವ್ಯಾಸಿ ರಂಗಭೂಮಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ದಂಪತಿ, ಅವರೊಂದಿಗೆ ರಂಗಶಿಕ್ಷಣ ಪಡೆದ ಇಬ್ಬರು ಯುವಕ ಯುವತಿಯರು. ಒಂದು ಸರ್ಕಾರಿ ಅನುದಾನಿತ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಪಡೆದು, ಶನಿವಾರ ಸಂಜೆ ನಾಲ್ಕರಿಂದ ಆರೂವರೆಯವರೆಗೆ ತರಗತಿ. ಇಪ್ಪತ್ತು ವಾರಕ್ಕೆ 9,000 ರೂಪಾಯಿ. ಎರಡು ಕಂತುಗಳಲ್ಲಿ ಕೊಡಬಹುದು. ಮೂರು ತರಗತಿಗಳ ಒಳಗೆ ಬಿಟ್ಟರೆ ಉಳಿದ ಹಣ ವಾಪಸ್. ಈ ಷರತ್ತನ್ನು ಅವರು ರಸೀದಿಯ ಮೇಲೆಯೇ ಬರೆದುಕೊಟ್ಟರು.

ನಾನು ನೋಡಿದ ಮೊದಲ ತರಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳು ಬಂದೊಡನೆ ಚಪ್ಪಲಿಗಳನ್ನು ಜೋಡಿಸಿಟ್ಟು ತಾವೇ ನೆಲ ಗುಡಿಸಿದರು. ಆಮೇಲೆ ಅರ್ಧ ಗಂಟೆ ಮೈ ಬಿಸಿ ಮಾಡುವ ಆಟಗಳು: ಸಭಾಂಗಣದಲ್ಲಿ ಯಾರಿಗೂ ತಾಗದೆ ನಡೆಯುವುದು, ಚಪ್ಪಾಳೆ ಕೇಳಿದಾಗ ನಿಲ್ಲುವುದು, ಇಬ್ಬಿಬ್ಬರಾಗಿ ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಂತೆ ಮಾಡುವುದು. ಆಮೇಲೆ ಎಲ್ಲರನ್ನೂ ವೃತ್ತದಲ್ಲಿ ಕೂರಿಸಿ, ಮೇಡಂ ಒಂದು ಹಳೆಯ ಹತ್ತಿ ಸೀರೆಯನ್ನು ನಡುವೆ ಹಾಕಿದರು. ಅದು ಒಬ್ಬನಿಗೆ ಹಾವಾಯಿತು, ಒಬ್ಬಳಿಗೆ ತೊಟ್ಟಿಲಾಯಿತು, ಇನ್ನೊಬ್ಬನಿಗೆ ಹೊಳೆಯಾಯಿತು. ಹೊಳೆಯಾದಾಗ ಅವರು ಕುಳಿತಿದ್ದ ಮಕ್ಕಳ ಕಡೆ ತಿರುಗಿ, "ಹೊಳೆಗೆ ಶಬ್ದ ಯಾರು ಕೊಡ್ತೀರಿ?" ಎಂದರು. ಒಂದು ಮೂಲೆಯಿಂದ ಸಣ್ಣ ಶಬ್ದ ಬಂತು, ಆಮೇಲೆ ಕಲ್ಲಿಗೆ ನೀರು ಬಡಿಯುವ ಶಬ್ದ, ಕಪ್ಪೆ, ದೂರದಲ್ಲೊಂದು ದೋಣಿಯವನ ಕೂಗು. ನಡುವೆ ಆಡುತ್ತಿದ್ದ ಹುಡುಗ ಆ ಶಬ್ದಗಳನ್ನು ಕೇಳಿಸಿಕೊಂಡು, ಪಂಚೆ ಎತ್ತಿ ಕಟ್ಟುವವನಂತೆ ಸನ್ನೆ ಮಾಡಿ ಹೊಳೆಗೆ ಕಾಲಿಟ್ಟ. ನೀರು ತಣ್ಣಗಿದ್ದದ್ದು ನಮಗೆಲ್ಲ ಗೊತ್ತಾಯಿತು. ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ಸುಮ್ಮನಿರಲಿಲ್ಲ, ಮಾತಾಡುತ್ತಿದ್ದವರು ಮಾತ್ರ ಯಾರೂ ಇರಲಿಲ್ಲ. ಅಂದೇ ತೀರ್ಮಾನ ಮಾಡಿದೆ.

ಭಾಷೆಯ ವಿಷಯದಲ್ಲಿ ಇವರು ಪಡುವ ಶ್ರಮವನ್ನು ವಿಶೇಷವಾಗಿ ಹೇಳಲೇಬೇಕು. ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವರು. ಮೊದಲ ಎಂಟು ವಾರ ಯಾರ ಕೈಗೂ ಹಾಳೆ ಕೊಡಲಿಲ್ಲ. ಮಾತುಗಳನ್ನು ಬಾಯಿಂದ ಬಾಯಿಗೆ, ಹಾಡುಗಳನ್ನು ತಾಳದೊಂದಿಗೆ ಕಲಿಸಿದರು. 'ಳ'ಕಾರಕ್ಕೆ ನಾಲಿಗೆ ಎಲ್ಲಿ ಮಡಚಬೇಕು, 'ಹ'ಕಾರ ಬಿಟ್ಟುಹೋದರೆ ಅರ್ಥ ಹೇಗೆ ಕೆಡುತ್ತದೆ ಎಂಬುದನ್ನು ನಾಲಿಗೆ ಹೊರಳಿಸುವ ಆಟಗಳಿಂದ ತೋರಿಸಿದರು. ಆದರೆ ಕಲಬುರಗಿ ಕಡೆಯಿಂದ ಬಂದ ಮನೆಯ ಹುಡುಗನೊಬ್ಬ ತನ್ನ ಮನೆಮಾತಿನ ಧಾಟಿಯಲ್ಲಿ ಮಾತಾಡಿದಾಗ ಅದನ್ನು ತಿದ್ದಲಿಲ್ಲ; ಅವನ ಪಾತ್ರಕ್ಕೆ ಅದನ್ನೇ ಉಳಿಸಿಕೊಂಡರು. ಹಾಳೆ ಕೊಟ್ಟಾಗ ಅದು ಕನ್ನಡ ಅಕ್ಷರಗಳಲ್ಲೇ ಇತ್ತು. ಅಷ್ಟರಲ್ಲಿ ಮಾತು ಬಾಯಿಗೆ ಬಂದಿದ್ದರಿಂದ, ಮಕ್ಕಳು ಮಾತಿನ ನೆನಪಿನಲ್ಲಿ ಅಕ್ಷರಗಳನ್ನು ಗುರುತಿಸಿದರು. ಮಗಳು ಈಗ ಬಸ್ಸಿನ ಫಲಕಗಳನ್ನೂ ಅಂಗಡಿಗಳ ಬೋರ್ಡುಗಳನ್ನೂ ಗಟ್ಟಿಯಾಗಿ ಓದುತ್ತಾಳೆ.

ನ್ಯೂನತೆಗಳೂ ಇವೆ. ಸಭಾಂಗಣದಲ್ಲಿ ಗಾಳಿ ಸಾಲದು, ಎರಡು ಫ್ಯಾನುಗಳಲ್ಲಿ ಒಂದು ಕೆಟ್ಟಿದೆ. ಜೂನ್ ಮೊದಲ ವಾರಗಳಲ್ಲಿ ಮಕ್ಕಳು ಬೆವರಿ ಸುಸ್ತಾಗುತ್ತಿದ್ದರು. ಆರೂವರೆಗೆ ಮುಗಿಯಬೇಕಾದ ತರಗತಿ ಪ್ರದರ್ಶನ ಹತ್ತಿರ ಬಂದಂತೆ ಏಳೂಕಾಲು, ಏಳೂವರೆಯವರೆಗೂ ಎಳೆಯಿತು, ಅದನ್ನು ಮುಂಚಿತವಾಗಿ ತಿಳಿಸುವ ಶಿಸ್ತು ಅವರಲ್ಲಿಲ್ಲ. ವೇಷಭೂಷಣವನ್ನು ಮನೆಯ ಹಳೆಯ ಬಟ್ಟೆಗಳಲ್ಲೇ ಹೊಂದಿಸಬೇಕು ಎಂಬ ನಿಲುವು ಒಳ್ಳೆಯದೇ, ಆದರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಎರಡು ದಿನದ ಗಡುವು ಸಾಲುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ವಾರದಲ್ಲೂ ತಾಲೀಮು ಇಟ್ಟುಕೊಂಡಿದ್ದರು. ನಾವು ಕೆಲವು ಪೋಷಕರು ಒಟ್ಟಾಗಿ ಕೇಳಿದ ಮೇಲೆ ಅದನ್ನು ಮುಂದಕ್ಕೆ ಹಾಕಿದರು.

ಇವುಗಳಿಗಿಂತ ಗಂಭೀರವಾದ ಒಂದು ವಿಷಯ ಸುರಕ್ಷತೆಯದು. ಸೇರಿಸುವ ದಿನ ನಾನು ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ: ಕಲಿಸುವವರೆಲ್ಲರ ಹಿನ್ನೆಲೆಯನ್ನು ಪರಿಶೀಲಿಸಲಾಗಿದೆಯೇ, ಮಕ್ಕಳ ಬಟ್ಟೆ ಬದಲಿಸುವಾಗ ಮತ್ತು ಶೌಚಾಲಯಕ್ಕೆ ಹೋಗುವಾಗ ಯಾರು ಜೊತೆಗಿರುತ್ತಾರೆ, ಮಕ್ಕಳ ಫೋಟೊ ಮತ್ತು ವಿಡಿಯೊಗಳನ್ನು ಎಲ್ಲಿ ಹಾಕುತ್ತೀರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಬಂದು ಇಷ್ಟು ವರ್ಷಗಳಾದರೂ, ವಾರಾಂತ್ಯದ ತರಗತಿಗಳಲ್ಲಿ ಈ ಪ್ರಶ್ನೆಗಳನ್ನು ಕೇಳಲು ಪೋಷಕರು ಹಿಂಜರಿಯುತ್ತಾರೆ; ಕೇಳಿದರೆ ಅನುಮಾನಪಟ್ಟಂತಾಗುತ್ತದೆ ಎಂಬ ಮುಜುಗರ. ಇವರು ಬೇಸರಪಟ್ಟುಕೊಳ್ಳಲಿಲ್ಲ. ತಂಡದವರೆಲ್ಲರ ಪೊಲೀಸ್ ಪರಿಶೀಲನಾ ಪತ್ರಗಳನ್ನು ತೋರಿಸಿದರು. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಚಿತ್ರಗಳನ್ನು ಎಲ್ಲೂ ಹಾಕುವುದಿಲ್ಲ ಎಂದರು, ಹಾಗೆಯೇ ನಡೆದುಕೊಂಡರು. ಆದರೆ ಎರಡನೆಯ ಪ್ರಶ್ನೆಗೆ ಅವರಲ್ಲಿ ಸರಿಯಾದ ಉತ್ತರವಿರಲಿಲ್ಲ. ಶೌಚಾಲಯ ಸಭಾಂಗಣದ ಹಿಂದೆ, ಶಾಲೆಯ ಮೈದಾನವನ್ನು ದಾಟಿ ಇದೆ. ಸಂಜೆ ಆರರ ನಂತರ ಅಲ್ಲಿ ಬೆಳಕಿಲ್ಲ. ಮಕ್ಕಳು ಇಬ್ಬಿಬ್ಬರಾಗಿ ಹೋಗುತ್ತಾರೆ ಎಂದರು. ಅದು ಸಾಲದು ಎಂದು ನಾನು, ಇನ್ನೊಬ್ಬ ತಂದೆ ಪಟ್ಟು ಹಿಡಿದೆವು.

ಪ್ರದರ್ಶನ ದಸರಾ ರಜೆ ಮುಗಿದ ಮೇಲಿನ ಭಾನುವಾರ ಅದೇ ಸಭಾಂಗಣದಲ್ಲಿ ನಡೆಯಿತು. ನಲವತ್ತು ನಿಮಿಷಗಳ ನಾಟಕ, ಮಕ್ಕಳೇ ಆಟಗಳಿಂದ ಕಟ್ಟಿದ ಕಥೆ: ಕೆರೆ ಬತ್ತಿದ ಊರೊಂದರಲ್ಲಿ ಮಕ್ಕಳು ನೀರನ್ನು ಹುಡುಕಿಕೊಂಡು ಹೋಗುವುದು. ಮೈಕು ಇರಲಿಲ್ಲ, ಕೊನೆಯ ಸಾಲಿಗೂ ಮಾತು ಕೇಳಿಸಿತು. ಮಗಳಿಗೆ ಇಡೀ ನಾಟಕದಲ್ಲಿ ಇದ್ದದ್ದು ಮೂರು ಮಾತು. ಉಳಿದ ಹೊತ್ತೆಲ್ಲ ಅವಳು ಕೆರೆಯ ಏರಿಯ ಮೇಲೆ ಕುಳಿತು ಖಾಲಿ ಕೆರೆಯನ್ನು ನೋಡುವ ಮುದುಕಿ. ನಾನು ಮೂರನೆಯ ಸಾಲಿನಲ್ಲಿದ್ದೆ. ಒಮ್ಮೆಯೂ ಅವಳು ನನ್ನ ಕಡೆ ನೋಡಲಿಲ್ಲ. ಸೊಂಟದ ಮೇಲೆ ಕೈ ಊರಿ ಏಳುವ, ಎದ್ದು ಒಂದು ಕ್ಷಣ ನಿಂತು ಆಮೇಲೆ ಹೆಜ್ಜೆ ಇಡುವ ರೀತಿ ನನ್ನ ಅಮ್ಮನದು. ಯಾರೂ ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ನೆನೆ ಎಂದು ಒತ್ತಾಯಿಸಿಯೂ ಇರಲಿಲ್ಲ. ತಾಲೀಮಿನಲ್ಲಿ "ನಿನಗೆ ಗೊತ್ತಿರುವ ಮುದುಕಿಯರು ಹೇಗೆ ಏಳ್ತಾರೆ, ಏಳು ಜನರನ್ನು ನೋಡಿಕೊಂಡು ಬಾ" ಎಂದಿದ್ದರಂತೆ. ಅವಳು ಪಕ್ಕದ ಮನೆಯ ಅಜ್ಜಿಯನ್ನು, ಹೂ ಮಾರುವವರನ್ನು, ದೇವಸ್ಥಾನದ ಕಟ್ಟೆಯಲ್ಲಿ ಕೂರುವವರನ್ನು ನೋಡಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಪಟ್ಟಿಯಲ್ಲಿ ಏಳನೆಯದಾಗಿ ತನ್ನ ಅಜ್ಜಿಯನ್ನು ತಾನೇ ಸೇರಿಸಿದ್ದಳು.

ಜನವರಿಯಲ್ಲಿ ಆರಂಭವಾಗುವ ಮುಂದಿನ ಅವಧಿಗೆ ಮೊದಲ ಕಂತು ಕಟ್ಟಿದ್ದೇವೆ. ಮೈದಾನದ ಬದಿಗೆ ಎರಡು ದೀಪ ಹಾಕಿಸಿದ್ದಾರೆ. ಶನಿವಾರಗಳಂದು ಸಂಜೆ ಐದೂವರೆಯ ನಂತರ ಇಬ್ಬರು ತಾಯಂದಿರು ಸರದಿಯಲ್ಲಿ ಸಭಾಂಗಣದಲ್ಲೇ ಇರುವುದೆಂದು ತೀರ್ಮಾನವಾಗಿದೆ. ಫ್ಯಾನು ಮಾತ್ರ ಇನ್ನೂ ದುರಸ್ತಿಯಾಗಿಲ್ಲ.